ಹೊಲಿಗೆ ಯಂತ್ರದ ಮುಂದೆ ಟೊಂಕ ನೋವು

ಮೇ ಕೊನೆಗೆ ಶಾಲಾ ಸಮವಸ್ತ್ರಗಳ ರಾಶಿ ಬಂದು ಬಿದ್ದರೆ ಹಳೇ ಹುಬ್ಬಳ್ಳಿಯ ನಮ್ಮಂಥ ಹೊಲಿಗೆಯವರಿಗೆ ಟೊಂಕ ನೋವು ಹೊಸದಲ್ಲ. ನನ್ನದು ಶಾಲೆ ಶುರುವಾದ ಮೇಲೂ ಹೋಗಲಿಲ್ಲ. ಎಡಗಾಲಿನ ಹಿಂಬದಿಗೆ ಇಳಿಯತೊಡಗಿತು. ಅತ್ತೆಯವರು ಕಾರಣವನ್ನು ಕೂಡಲೇ ಹೇಳಿದರು: “ಹೆರಿಗೆಯಲ್ಲಿ ಬೆನ್ನಿಗೆ ಸೂಜಿ ಹಾಕಿದ್ದರಲ್ಲವ್ವಾ, ಅದೇ.” ಸಿಸೇರಿಯನ್ ಆದ ನಮ್ಮ ಓಣಿಯ ಹೆಂಗಸರೆಲ್ಲರ ನೋವಿಗೂ ಈ ಒಂದೇ ಸೂಜಿ ಹೊಣೆ. ಅರಿವಳಿಕೆಗೆಂದು ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆ ಉಳಿಯುವ ನೋವಿಗೆ ಅದು ಕಾರಣವೆಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ನನ್ನ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಇಷ್ಟು ವರ್ಷ ಸುಮ್ಮನಿದ್ದ ಸೂಜಿ ಈಗೇಕೆ ಎದ್ದೀತು?

ಎಂಆರ್‌ಐ ವರದಿಯಲ್ಲಿ ಟೊಂಕದ ಎಲ್4, ಎಲ್5 ಎಂಬ ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿದೆ ಎಂದಿತ್ತು. ಓದಿ ಕೈಕಾಲು ತಣ್ಣಗಾದವು. ಫಿಸಿಯೋಥೆರಪಿಸ್ಟ್ ಮೇಡಂ ಮೊದಲು ಕೇಳಿದ್ದು ಮುಜುಗರದ ಪ್ರಶ್ನೆಗಳನ್ನು: ಮೂತ್ರ, ಮಲದ ಮೇಲೆ ಹಿಡಿತ ತಪ್ಪಿದೆಯೇ, ತೊಡೆಸಂದಿಯಲ್ಲಿ ಜೋಮು ಇದೆಯೇ, ಪಾದ ಎತ್ತಲು ಕಷ್ಟವಾಗುತ್ತಿದೆಯೇ, ಜ್ವರ ಬಂದಿತ್ತೇ, ತೂಕ ಇಳಿದಿದೆಯೇ. ಮೊದಲ ಎರಡರಲ್ಲಿ ಯಾವುದು ಕಾಣಿಸಿಕೊಂಡರೂ ಅದೇ ದಿನ ಆಸ್ಪತ್ರೆ ಸೇರಬೇಕಂತೆ. ನನಗೆ ಯಾವುದೂ ಇರಲಿಲ್ಲ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ವಿಶ್ಲೇಷಣೆಯೊಂದರಲ್ಲಿ 40ರ ವಯಸ್ಸಿನವರಲ್ಲಿ ಅರ್ಧದಷ್ಟು ಜನರಿಗೆ ಇಂಥ ಉಬ್ಬು ಇತ್ತು ಎಂದು ಹೇಳಿ, ವರದಿಯನ್ನು ಮಡಚಿಟ್ಟರು. “ಒಮ್ಮೆ ಯಂತ್ರದ ಮುಂದೆ ಕುಳಿತರೆ ಯಾವಾಗ ಏಳುತ್ತೀರಿ?”

“ಊಟಕ್ಕೆ” ಎಂದೆ.

ನೆಟ್ಟಗೆ ಕೂರಲು ಎಲ್ಲರೂ ಹೇಳುತ್ತಾರೆ. ಕಣ್ಣು ಸೂಜಿಯ ಮೇಲಿರುವಾಗ ಅದು ಆಗುವ ಮಾತಲ್ಲ. ಹಾಗೆ ಹೇಳುವವರು ಒಂದು ಕಾಲರ್ ಹೊಲಿದು ನೋಡಲಿ. ಪೆಡಲ್ ಬಿಟ್ಟು ಮೋಟಾರು ಹಾಕಿಸಿದ್ದೂ ಆಗಿತ್ತು. ಕೆಲಸ ಬೇಗ ಸಾಗಿತು, ನಾನು ಇನ್ನಷ್ಟು ಹೊತ್ತು ಕುಳಿತೆ. ನಿಜವಾಗಿ ನೆರವಾದದ್ದು ಇಸ್ತ್ರಿ. ಮೊದಲು ಅದು ಎಡಗೈಗೆ ಎಟುಕುತ್ತಿತ್ತು. ಈಗ ಕೋಣೆಯ ಆಚೆ ಮೂಲೆಯಲ್ಲಿದೆ. ಒಂದೊಂದು ಹೊಲಿಗೆಯನ್ನೂ ಇಸ್ತ್ರಿ ಮಾಡಿಯೇ ಮುಂದೆ ಹೋಗಬೇಕು, ಆದ್ದರಿಂದ ಏಳದೆ ಗತಿಯಿಲ್ಲ. ನೆಲದ ಮೇಲೆ ಬಗ್ಗಿ ಬಟ್ಟೆ ಕತ್ತರಿಸುವುದನ್ನು ನಿಲ್ಲಿಸಿ, ಹಳೆಯ ಬಾಗಿಲಿನ ಹಲಗೆಯನ್ನು ಟೊಂಕದ ಎತ್ತರಕ್ಕೆ ಇಟ್ಟಿಗೆಗಳ ಮೇಲೆ ಕೂರಿಸಿದೆ. ಅಂಗಿಯ ಅಂದವೂ ಸುಧಾರಿಸಿತು, ಅದು ಬೇರೆ ಮಾತು.

ಆದರೆ ನಮ್ಮ ಊರಿನಲ್ಲಿ ಬೆನ್ನಿನ ನಿಜವಾದ ಪರೀಕ್ಷೆ ನಳದಲ್ಲಿ ನೀರು ಬಿಡುವ ದಿನ. ಎಷ್ಟೋ ದಿನಕ್ಕೊಮ್ಮೆ ಬರುವ ನೀರನ್ನು ಮನೆಯಲ್ಲಿರುವ ಪಾತ್ರೆಗಳಿಗೆಲ್ಲ ತುಂಬಬೇಕು. ಕೊಡ ಮುಟ್ಟಲೇಬೇಡ ಎಂದು ಮನೆಯವರು ತಡೆದರು. ಮೇಡಂ ತಡೆಯಲಿಲ್ಲ: ಎತ್ತುವುದನ್ನು ಬಿಟ್ಟರೆ ಬೆನ್ನಿನ ಬಲ ಇನ್ನೂ ಇಳಿಯುತ್ತದೆ, ಮೈಗೆ ಹತ್ತಿರ ಹಿಡಿದು ಅರ್ಧ ಕೊಡದಿಂದ ಶುರು ಮಾಡಿ ಎಂದರು. ಮೊದಮೊದಲು ಎತ್ತುವಾಗ ಚುಳ್ಳೆನ್ನುತ್ತಿತ್ತು. ಮರುದಿನಕ್ಕೆ ನೋವು ಹೆಚ್ಚದಿದ್ದರೆ ನೀರು ತುಸು ಹೆಚ್ಚಿಸುತ್ತಿದ್ದೆ. ದೀಪಾವಳಿಯ ಹೊತ್ತಿಗೆ ತುಂಬಿದ ಕೊಡ ಎತ್ತಿದೆ. ಜೊತೆಗೆ ಮಲಗಿ, ಮೊಣಕಾಲು ಮಡಚಿ, ಸೊಂಟ ಮೇಲೆತ್ತುವ ವ್ಯಾಯಾಮ. ಸಂಜೆ ಇಂದಿರಾ ಗಾಜಿನ ಮನೆ ಉದ್ಯಾನದಲ್ಲಿ ನಡಿಗೆ.

ಪರಿಚಯದವರೊಬ್ಬರು ಕೊಟ್ಟ ಸೊಂಟದ ಬೆಲ್ಟ್ ಗೂಟಕ್ಕೆ ತೂಗುತ್ತಿದೆ. ದೀರ್ಘಕಾಲದ ನೋವಿಗೆ ಬೆಲ್ಟ್ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಹೇಳಿರುವುದನ್ನು ಮಗಳು ಮೊಬೈಲ್‌ನಲ್ಲಿ ಓದಿ ತಿಳಿಸಿದಳು.

ಈ ಮೇ ತಿಂಗಳಲ್ಲೂ ಟೊಂಕ ಹಿಡಿಯಿತು. ಹಾಸಿಗೆ ಹಿಡಿಯಲಿಲ್ಲ. ಬಿಸಿನೀರಿನ ಚೀಲದಿಂದ ಕಾವು ಕೊಟ್ಟುಕೊಂಡು, ಹೊಲಿಯುವುದನ್ನು ಕಡಿಮೆ ಮಾಡಿ, ನಿಂತು ಕತ್ತರಿಸುವ ಕೆಲಸವನ್ನು ಮುಂದಿಟ್ಟುಕೊಂಡೆ. ಕಾಜಾ, ಗುಂಡಿಯ ಕೆಲಸವನ್ನು ಪಕ್ಕದ ಮನೆಯ ಹುಡುಗಿಗೆ ಕೂಲಿಗೆ ಕೊಟ್ಟೆ. ಸಮವಸ್ತ್ರಗಳು ಒಂದಿಷ್ಟು ತಡವಾದವು. ತಾಯಂದಿರು ಗೊಣಗಿದರು, ತೆಗೆದುಕೊಂಡು ಹೋದರು.