ಪಿಕಪ್ ತಂತಿ ಕೇಳುವಾಗ ನಂಬರ್ ಬೇಡ, ಮಿಲಿಮೀಟರ್ ಹೇಳಿ
ಎಲೆಕ್ಟ್ರಿಕ್ ಗಿಟಾರ್‌ಗೆ ಸ್ವಂತ ಪಿಕಪ್ (ಗಿಟಾರ್ ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಸುರುಳಿ) ಸುತ್ತುವವರು ಇದನ್ನು ಓದಿ. ಕಲಬುರಗಿಯ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಸುಮ್ನೆ '42 ನಂಬರ್ ತಂತಿ' ಅನ್ನಬೇಡಿ. ಪಿಕಪ್ ಲೆಕ್ಕದ 42 ಅಮೆರಿಕದ ಗೇಜ್ (ತಂತಿಯ ದಪ್ಪದ ನಂಬರ್), ನಮ್ಮಲ್ಲಿ ನಡೆಯುವುದು ಎಸ್‌ಡಬ್ಲ್ಯೂಜಿ ಅನ್ನುವ ಬ್ರಿಟಿಷ್ ಗೇಜ್, ಅದರಲ್ಲಿ 42 ಅಂದ್ರೆ 0.1 ಮಿ.ಮೀ. ದಪ್ಪ. ನಾನು ಅದನ್ನೇ ತಂದು ಸುತ್ತಿದೆ, ಬೇಕಾದ ಸುತ್ತುಗಳಲ್ಲಿ ಅರ್ಧದಷ್ಟೂ ಮುಗಿಯುವ ಮೊದಲೇ ಬಾಬಿನ್ (ತಂತಿ ಸುತ್ತುವ ಚೌಕಟ್ಟು) ತುಂಬಿಹೋಯಿತು, ತುಂಬಾ ಬೇಜಾರಾಯಿತು. ಬೇಕಿರುವುದು ಸುಮಾರು 0.063 ಮಿ.ಮೀ. ಎನಾಮಲ್ ಲೇಪದ ತಾಮ್ರದ ತಂತಿ, ಅಂದರೆ ಎಸ್‌ಡಬ್ಲ್ಯೂಜಿಯಲ್ಲಿ 46ರ ಹತ್ತಿರ. ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರ್) ಮಾದರಿಯ ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್‌ಗೆ 7,500ರಿಂದ 8,000 ಸುತ್ತು ಹಾಕಿ, ಮಲ್ಟಿಮೀಟರ್ ಸುಮಾರು 6 ಕಿಲೋಓಮ್ ರೋಧ ತೋರಿಸಬೇಕು. ಆಮೇಲೆ ಮೇಣದಲ್ಲಿ ಅದ್ದಲೇಬೇಕು, ಇಲ್ಲದಿದ್ದರೆ ಜೋರಾಗಿ ನುಡಿಸಿದಾಗ ಶಿಳ್ಳೆ ಹೊಡೆಯುತ್ತದೆ. ಮೇಣವನ್ನು ನೇರ ಉರಿಯ ಮೇಲೆ ಇಡಬೇಡಿ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ. 65 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗಬಹುದು.