ಸಿಹಿ ಕಳ್ಳು ಮನೆಗೆ ತಂದರೆ

ತೆಂಗಿನ ಹೊಂಬಾಳೆಯಿಂದ ಇಳಿಸಿದ ಸಿಹಿ ಕಳ್ಳು, ಈಗಿನವರು ನೀರಾ ಅನ್ನುತ್ತಾರಲ್ಲ, ಅದನ್ನು ಮನೆಗೆ ತಂದ ತಕ್ಷಣ ಬಾಟಲಿಯ ಮುಚ್ಚಳ ಸಡಿಲಿಸಿ. ಬಿಗಿಯಾಗಿಯೇ ಇಟ್ಟು ಮರೆತರೆ ಗ್ಯಾಸ್ ತುಂಬಿ ಪ್ಲಾಸ್ಟಿಕ್ ಬಾಟಲಿ ಉಬ್ಬುತ್ತದೆ, ಗಾಜಿನದಾದರೆ ಒಡೆಯಲೂಬಹುದು.

ಈ ಗ್ಯಾಸ್ ಬರಲೆಂದು ಯಾರೂ ಏನೂ ಬೆರೆಸಬೇಕಿಲ್ಲ. ರಸದಲ್ಲಿ ನೂರಕ್ಕೆ 12ರಿಂದ 15 ಪಾಲು ಸಕ್ಕರೆಯಂಶವೇ. ಗಾಳಿಯಿಂದ, ನೊಣ-ಇರುವೆಗಳಿಂದ, ನಿನ್ನೆಯ ಮಡಕೆಯ ಅಂಟಿನಿಂದ ಯೀಸ್ಟ್ ಸೇರಿ ಹುಳಿ ಬರುವುದು ಮರದ ಮೇಲೆಯೇ ಶುರುವಾಗಿರುತ್ತದೆ. ಬಿಸಿಲೇರಿದ ಹಾಗೆ ಸಿಹಿ ಇಳಿದು, ಅಮಲು ಏರುತ್ತದೆ. ಒಂದು ದಿನದೊಳಗೆ ನೂರಕ್ಕೆ ನಾಲ್ಕೈದು ಪಾಲು ಆಲ್ಕೋಹಾಲ್ ಆಗಿಬಿಡಬಹುದು. ಹಾಗಾಗಿ ಬೆಳಿಗ್ಗೆ ತಂದದ್ದನ್ನು ಮಧ್ಯಾಹ್ನ ಮಕ್ಕಳಿಗೆ ಕೊಡಬೇಡಿ. ನೊರೆ ಎದ್ದಿದೆಯೇ, ನಾಲಿಗೆಗೆ ಚುರುಕು ತಾಗುತ್ತದೆಯೇ ಎಂದು ದೊಡ್ಡವರು ಮೊದಲು ರುಚಿ ನೋಡಿ. ಸಿಹಿಯಾಗಿಯೇ ಬೇಕಿದ್ದರೆ ಐಸಿನಲ್ಲಿ ಇಟ್ಟು ಬೇಗ ಕುಡಿದು ಮುಗಿಸಿ, ಇಲ್ಲವೇ ದಪ್ಪ ತಳದ ಪಾತ್ರೆಯಲ್ಲಿ ಕುದಿಸಿ ಬತ್ತಿಸಿ. ಪಾಕ ಚೆನ್ನಾಗಿ ಬಂದರೆ ದೋಸೆಗೆ ಅದರಷ್ಟು ರುಚಿ ಬೇರೆ ಇಲ್ಲ.

ಮೂರ್ತೆಯವರು, ಅಂದರೆ ಕಳ್ಳು ಇಳಿಸುವವರು, ಹುಳಿ ಬಾರದಿರಲಿ ಎಂದು ಮಡಕೆಯ ಒಳಗೆ ಸುಣ್ಣ ಬಳಿಯುವುದುಂಟು. ಕುಡಿಯುವುದಕ್ಕೆ ಅದು ಸರಿ, ‘ಸಣ್ಣ’ಕ್ಕೆ, ಅಂದರೆ ಕಳ್ಳು ಹಾಕಿ ಉಬ್ಬಿಸುವ ಇಡ್ಲಿಯಂಥ ತಿಂಡಿಗೆ, ಬೇಡ. ಸುಣ್ಣ ತಾಗಿದ ಕಳ್ಳು ಹಾಕಿದರೆ ಹಿಟ್ಟು ಕೂತಲ್ಲೇ ಕೂತಿರುತ್ತದೆ. ತರುವಾಗಲೇ ಬಾಯಿಬಿಟ್ಟು ಕೇಳಿ. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು ನೆನೆಸಿ, ನೀರು ಕಡಿಮೆ ಹಾಕಿ ಗಟ್ಟಿಯಾಗಿ ರುಬ್ಬಿ, ನೊರೆಯಾಡುವ ಕಳ್ಳನ್ನು ಒಂದು ಲೋಟ ಮೀರದಂತೆ ಸೇರಿಸಿ. ಸೆಕೆಗಾಲದಲ್ಲಿ ಎರಡು-ಮೂರು ಗಂಟೆ ಸಾಕು. ಉಬ್ಬಿದ ಹಿಟ್ಟನ್ನು ಮತ್ತೆ ಕಲಕಬೇಡಿ. ಸೌಟು ಅಂಚಿನಿಂದ ಇಳಿಸಿ, ಗಾಳಿ ಹೋಗದ ಹಾಗೆ ಬಟ್ಟಲಿಗೆ ಹಾಕಿ ಹಬೆಯಲ್ಲಿ ಬೇಯಿಸಿ. ಇಡ್ಲಿ ಹಿಟ್ಟಿಗೆ ಸೋಡಾ ಸುರಿದು ಸಣ್ಣ ಎನ್ನುವವರ ಜೊತೆ ನನಗೆ ಮಾತಿಲ್ಲ.

ಉಳಿದ ಕಳ್ಳು ಚೆಲ್ಲುವುದೇಕೆ? ಗಾಜಿನ ಭರಣಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ನೆರಳಲ್ಲಿಡಿ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಬೇಡ, ಹುಳಿ ಲೋಹವನ್ನು ತಿನ್ನುತ್ತದೆ. ಈಗ ಗಾಳಿ ಬೇಕು, ಅಮಲು ವಿನೆಗರ್ ಆಗುವುದು ಗಾಳಿಯಿಂದಲೇ. ಕೆಲವು ವಾರದಲ್ಲಿ ಮೂಗಿಗೆ ಘಾಟು ಹೊಡೆಯುತ್ತದೆ. ಮೇಲೆ ಬಿಳಿಯ ನುಣುಪು ಪೊರೆ ಕಟ್ಟಿದರೆ ಹೆದರಬೇಡಿ. ಹಸಿರು-ಕಪ್ಪು ಬೂಸ್ಟು ಬಂದರೆ ಮಾತ್ರ ಪೂರ್ತಿ ಚೆಲ್ಲಿ, ಭರಣಿಯನ್ನು ಕುದಿನೀರಿನಲ್ಲಿ ತೊಳೆದು ಬಿಸಿಲಿಗೆ ಇಡಿ.