ಮನೆ ಐಸ್ ಕ್ಯಾಂಡಿಗೆ ಹಣ್ಣು, ಸಕ್ಕರೆ, ನೀರಿನ ಲೆಕ್ಕ

ಜ್ಯೂಸ್ ಮಾಡಿ ಲೋಟಕ್ಕೆ ಹುಯ್ದು ಫ್ರೀಜರಿನಲ್ಲಿಟ್ಟರೆ ಐಸ್ ಕ್ಯಾಂಡಿ ಆಗುತ್ತದೆ, ಇದನ್ನೂ ಹೇಳಿಕೊಡಬೇಕಾ ಅತ್ತೆ ಅಂತ ನನ್ನ ಸೊಸೆ ನಗುತ್ತಾಳೆ. ಆಗುತ್ತದಮ್ಮ, ಯಾರು ಇಲ್ಲ ಅಂದರು? ಆದರೆ ನಾಲ್ಕು ಸಲ ಚೀಪುವಷ್ಟರಲ್ಲಿ ಬಣ್ಣ, ಸಿಹಿ, ಹಣ್ಣಿನ ಪರಿಮಳ ಎಲ್ಲ ಬಾಯಿಗೆ ಇಳಿದುಹೋಗಿ ಕಡ್ಡಿಯ ಮೇಲೆ ಬೆಳ್ಳಗೆ ಬರೀ ಮಂಜುಗಡ್ಡೆ ಉಳಿಯುತ್ತದೆ. ಮಕ್ಕಳು ಅದನ್ನು ಸಿಂಕಿನಲ್ಲಿ ಬಿಟ್ಟು, ಬೀದಿ ತುದಿಯ ಅಂಗಡಿಯದೇ ಬೇಕು ಅಂತ ಹಟ ಹಿಡಿಯುತ್ತಾರೆ. ಆಗ ಫ್ರಿಜ್ಜನ್ನು ಬೈದು ಪ್ರಯೋಜನವಿಲ್ಲ. ತಪ್ಪಿರುವುದು ನೀರಿನ ಲೆಕ್ಕದಲ್ಲಿ.

ಹಣ್ಣಿನ ರಸ ತಣ್ಣಗಾಗುತ್ತಾ ಬಂದಾಗ ಅದರೊಳಗಿನ ನೀರು ಮೊದಲು ಹರಳುಗಟ್ಟುತ್ತದೆ. ಸಕ್ಕರೆ, ಹುಳಿ, ಬಣ್ಣ ಇವೆಲ್ಲ ಆ ಹರಳುಗಳ ಸಂದಿಯಲ್ಲಿ ಪಾಕದ ಹಾಗೆ ಉಳಿದುಕೊಳ್ಳುತ್ತವೆ. ನೀರು ಜಾಸ್ತಿಯಾದರೆ ಹರಳು ದಪ್ಪ, ಪಾಕ ಕಡಿಮೆ. ಮಕ್ಕಳು ಪಾಕವನ್ನು ಚೀಪಿಕೊಂಡು ಹರಳನ್ನು ಬಿಟ್ಟುಬಿಡುತ್ತಾರೆ. ಹಣ್ಣಿನ ಸ್ವಂತ ಸಿಹಿಯೂ ಸೇರಿ 100 ಗ್ರಾಂ ಮಿಶ್ರಣದಲ್ಲಿ ಸುಮಾರು 15ರಿಂದ 20 ಗ್ರಾಂ ಸಕ್ಕರೆ ಇದ್ದರೆ ಕ್ಯಾಂಡಿ ಹಲ್ಲಿಗೆ ಸಿಗುವಷ್ಟು ಮೆತ್ತಗಿರುತ್ತದೆ. ಅದಕ್ಕಿಂತ ಬಹಳ ಕಡಿಮೆಯಾದರೆ ಕಲ್ಲು, ಬಹಳ ಹೆಚ್ಚಾದರೆ ರಾತ್ರಿಯೆಲ್ಲ ಇಟ್ಟರೂ ಗಟ್ಟಿಯಾಗದೆ ಅಂಟಂಟು. ಅಡುಗೆಮನೆಯಲ್ಲಿ ಯಾರೂ ತಕ್ಕಡಿ ಹಿಡಿದು ಕೂರುವುದಿಲ್ಲ, ಗೊತ್ತು. ನಾಲಿಗೆಯೇ ಸಾಕು. ತಣ್ಣಗಿರುವಾಗ ನಾಲಿಗೆಗೆ ಸಿಹಿ ಮಂಕಾಗಿ ತಿಳಿಯುತ್ತದೆ, ಆದ್ದರಿಂದ ಫ್ರೀಜರಿಗೆ ಇಡುವ ಮೊದಲು ಕುಡಿದು ನೋಡಿದರೆ ‘ಸ್ವಲ್ಪ ಸಿಹಿ ಜಾಸ್ತಿ ಆಯಿತೇನೋ’ ಅನ್ನಿಸಬೇಕು. ಜೊತೆಗೆ ಒಂದು ಚಿಟಿಕೆ ಉಪ್ಪು, ನಾಲ್ಕು ಹನಿ ನಿಂಬೆರಸ ಬಿದ್ದರೆ ಹಣ್ಣಿನ ರುಚಿ ಎದ್ದು ಬರುತ್ತದೆ.

ಸಕ್ಕರೆಯನ್ನು ಹಾಗೇ ಸುರಿಯಬೇಡಿ, ಕರಗದೆ ತಳದಲ್ಲಿ ಕೂರುತ್ತದೆ. ಒಂದು ಲೋಟ ಸಕ್ಕರೆಗೆ ಒಂದು ಲೋಟ ನೀರು ಹಾಕಿ ಕರಗುವ ತನಕ ಬಿಸಿ ಮಾಡಿ, ಒಂದು ಕುದಿ ಬಂದ ಮೇಲೆ ಇಳಿಸಿ ಆರಿಸಿ. ಎಳೆಪಾಕ ಬೇಡ. ಇದನ್ನು ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟುಕೊಂಡರೆ ಒಂದು ವಾರ ಯಾವ ಹಣ್ಣು ಸಿಕ್ಕರೂ ಕೆಲಸ ಸಲೀಸು. ರಸ ತೆಳು ಮಾಡಬೇಕು ಅನ್ನಿಸಿದಾಗಲೂ ನೀರಿನ ಬದಲು ಇದನ್ನೇ ಹಾಕಿ.

ಮಾವಿನಹಣ್ಣಿನಿಂದಲೇ ಶುರು ಮಾಡಿ, ಅದು ಯಾರ ಕೈಯಲ್ಲೂ ಕೆಡುವುದಿಲ್ಲ. ಬಾದಾಮಿ ಹಣ್ಣಿನ ತಿರುಳು ಗಟ್ಟಿ, ನಯ, ನಾರಿಲ್ಲ. ಅದನ್ನು ಕಡೆದರೆ ಬೆಣ್ಣೆಯಂಥ ಕ್ಯಾಂಡಿ ಬರುತ್ತದೆ, ಎಲ್ಲರೂ ಹೊಗಳುತ್ತಾರೆ. ನನ್ನನ್ನು ಕೇಳಿದರೆ ರಸಪುರಿಗೇ ಮೊದಲ ಮಣೆ. ಬಾದಾಮಿಗಿಂತ ಬೆಲೆಯೂ ಕಡಿಮೆ. ರಸ ತುಂಬಿರುತ್ತದೆ, ಸಿಹಿಯ ಹಿಂದೆ ತೆಳ್ಳಗೆ ಒಂದು ಹುಳಿ ಇರುತ್ತದೆ. ತಣ್ಣಗಾದ ಮೇಲೆ ಆ ಹುಳಿಯೇ ರುಚಿ ಕೊಡುವುದು. ಹಣ್ಣನ್ನು ಅಂಗೈಯಲ್ಲಿ ಹಿಸುಕಿ ಮೆತ್ತಗೆ ಮಾಡಿ, ತೊಟ್ಟು ತೆಗೆದು ಮೊದಲು ಬರುವ ಸೊನೆಯನ್ನು ಚೆಲ್ಲಿ, ಆಮೇಲೆ ರಸ ಹಿಂಡಿ. ಎರಡು ಲೋಟ ರಸಕ್ಕೆ ಎರಡು ಮೂರು ಚಮಚ ಸಕ್ಕರೆ ಪಾಕ, ಅರ್ಧ ಹೋಳು ನಿಂಬೆ, ಏಲಕ್ಕಿ ಪುಡಿ ಚಿಟಿಕೆ. ನೀರು ಒಂದು ಹನಿಯೂ ಬೇಡ. ಮಧ್ಯಾಹ್ನ ಊಟಕ್ಕೆ ಮಾಡಿದ ಸೀಕರಣೆ ಮಿಕ್ಕಿದ್ದರೆ ಅದನ್ನೇ ಲೋಟಕ್ಕೆ ಹುಯ್ದಿಟ್ಟುಬಿಡಿ, ಬೇರೆ ಏನೂ ಸೇರಿಸುವುದು ಬೇಕಿಲ್ಲ. ಹಾಲು ಹಾಕಿದ ಸೀಕರಣೆಯೂ ಆಗುತ್ತದೆ, ಮೂರು ನಾಲ್ಕು ದಿನದೊಳಗೆ ಮುಗಿಸಿ. ತೋತಾಪುರಿಯನ್ನು ಮಾತ್ರ ಕಡೆಯಬೇಡಿ. ಅದನ್ನು ಸಣ್ಣಗೆ ಹೆಚ್ಚಿ ಬೇರೆ ಮಾವಿನ ರಸದೊಳಗೆ ಹಾಕಿದರೆ ಚೀಪುವಾಗ ಮಧ್ಯೆ ಮಧ್ಯೆ ಹೋಳು ಸಿಗುತ್ತದೆ.

ಕಲ್ಲಂಗಡಿ ಇದಕ್ಕೆ ಪೂರ್ತಿ ಉಲ್ಟಾ. 100 ಗ್ರಾಂ ಹಣ್ಣಿನಲ್ಲಿ 90 ಗ್ರಾಂಗೂ ಹೆಚ್ಚು ನೀರೇ ಇರುತ್ತದೆ, ಸಕ್ಕರೆ ಆರೇಳು ಗ್ರಾಂ ಇದ್ದರೆ ಹೆಚ್ಚು. ಹಾಗೇ ಇಟ್ಟರೆ ನಾನು ಮೊದಲು ಹೇಳಿದ ಬಿಳಿ ಮಂಜುಗಡ್ಡೆಯೇ ಗತಿ. ರಸವನ್ನು ಕುದಿಸಿ ಬತ್ತಿಸೋಣ ಅಂತ ಕೆಲವರಿಗೆ ಅನ್ನಿಸುತ್ತದೆ. ಬೇಡಿ, ಕುದ್ದ ಕಲ್ಲಂಗಡಿಗೆ ಬೆಂದ ಕುಂಬಳಕಾಯಿಯ ವಾಸನೆ ಬಂದುಬಿಡುತ್ತದೆ. ಬೀಜ ತೆಗೆದು ಕಡೆದು ಸೋಸಿ, ನಾಲ್ಕು ಲೋಟ ರಸಕ್ಕೆ ಒಂದು ಲೋಟ ಸಕ್ಕರೆ ಪಾಕ, ಒಂದು ನಿಂಬೆಹಣ್ಣು, ಉಪ್ಪು, ಕುಟ್ಟಿದ ಕಾಳುಮೆಣಸು ಸ್ವಲ್ಪ ಸೇರಿಸಿ. ಪುದೀನ ಇಷ್ಟವಿದ್ದವರು ನಾಲ್ಕೆಲೆ ಹಾಕಿ ಕಡೆಯಲಿ.

ಕರ್ಬೂಜಕ್ಕೆ ಸಕ್ಕರೆಗಿಂತ ಬೆಲ್ಲ ಹೊಂದುತ್ತದೆ. ರಾಮನವಮಿಯ ದಿನ ಬೆಲ್ಲ, ಏಲಕ್ಕಿ, ಮೆಣಸು, ಶುಂಠಿ ಹಾಕಿ ಮಾಡುವ ಪಾನಕ ನಮ್ಮ ಕಡೆ ಯಾವ ಮನೆಯಲ್ಲೂ ಮಿಗದೆ ಇರುವುದಿಲ್ಲ. ಅದಕ್ಕೆ ಕರ್ಬೂಜದ ತಿರುಳು ಕಿವುಚಿ ಹಾಕಿ ಇನ್ನೂ ಒಂದಿಷ್ಟು ಬೆಲ್ಲ ಕರಗಿಸಿ ಅಚ್ಚಿಗೆ ಹುಯ್ಯಿರಿ. ಬೆಲ್ಲವನ್ನು ಕರಗಿಸಿ ಬಟ್ಟೆಯಲ್ಲಿ ಸೋಸಿಯೇ ಹಾಕಬೇಕು, ಇಲ್ಲವಾದರೆ ಕ್ಯಾಂಡಿಯ ತುದಿಯಲ್ಲಿ ಮರಳು ಸಿಗುತ್ತದೆ.

ಪುತ್ತೂರಿನ ಕಡೆಗೆ ಕೊಟ್ಟಿರುವ ನನ್ನ ಮಗಳು ಬೇಸಿಗೆಯಲ್ಲಿ ಬರುವಾಗ ಒಣ ಪುನರ್ಪುಳಿ ಸಿಪ್ಪೆ ತರುತ್ತಾಳೆ. ಮಲೆನಾಡಿನವರು ಇದನ್ನೇ ಮುರುಗಲು ಅನ್ನುತ್ತಾರೆ. ಒಂದು ಹಿಡಿ ಸಿಪ್ಪೆಯನ್ನು ತೊಳೆದು ಎರಡು ಲೋಟ ಬಿಸಿನೀರಿನಲ್ಲಿ ಎರಡು ಮೂರು ಗಂಟೆ ನೆನೆಸಿ ಕಿವುಚಿ ಸೋಸಿದರೆ ಕುಂಕುಮದ ಬಣ್ಣದ ರಸ ಬರುತ್ತದೆ. ಸಿಪ್ಪೆಗೆ ಉಪ್ಪು ಹಾಕಿ ಒಣಗಿಸಿದ್ದಾರೋ ಇಲ್ಲವೋ ಮೊದಲೇ ಕೇಳಿಕೊಳ್ಳಿ. ಸಾರಿಗೆಂದು ಮಾರುವುದರಲ್ಲಿ ಉಪ್ಪಿರುತ್ತದೆ, ಕ್ಯಾಂಡಿಗೆ ಅದು ಒಗ್ಗುವುದಿಲ್ಲ. ಇದರಲ್ಲಿ ಸ್ವಂತ ಸಿಹಿ ಇಲ್ಲವೇ ಇಲ್ಲ ಅನ್ನಬಹುದು, ಆದ್ದರಿಂದ ಪಾಕ ಧಾರಾಳವಾಗಿ ಬೇಕು, ಮುಕ್ಕಾಲು ಲೋಟಕ್ಕಿಂತ ಕಡಿಮೆ ಹಾಕಬೇಡಿ. ಹುರಿದ ಜೀರಿಗೆ ಪುಡಿ ಒಂದು ಚಿಟಿಕೆ. ಬಿಸಿಲಿನಿಂದ ಒಳಗೆ ಬಂದವರಿಗೆ ಇದಕ್ಕಿಂತ ಹಿತವಾದದ್ದನ್ನು ನಾನು ಕಂಡಿಲ್ಲ. ಇಂಥ ಹುಳಿ ರಸವನ್ನು ಅಲ್ಯೂಮಿನಿಯಂ ಕುಲ್ಫಿ ಅಚ್ಚಿಗೆ ಹುಯ್ಯಬಾರದು, ಲೋಹದ ರುಚಿ ಬಿಡುತ್ತದೆ. ಸ್ಟೀಲು, ಪ್ಲಾಸ್ಟಿಕ್, ಸಿಲಿಕೋನ್ ಯಾವುದಾದರೂ ಸರಿ.

ದ್ರಾಕ್ಷಿಯಲ್ಲಿ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯೇ ಕ್ಯಾಂಡಿಗೆ ಸರಿ. ಬೀಜವಿಲ್ಲದ ಹಸಿರು ದ್ರಾಕ್ಷಿಯಲ್ಲಿ ಅಷ್ಟು ಪರಿಮಳ ಇಲ್ಲ, ತಣ್ಣಗಾದರೆ ಸಪ್ಪೆ. ನೀಲಿಯದರ ಬಣ್ಣವೆಲ್ಲ ಸಿಪ್ಪೆಯಲ್ಲಿರುವುದರಿಂದ ಸಿಪ್ಪೆ ಸಮೇತ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಿಸಿ, ಸೌಟಿನಿಂದ ಹಿಸುಕಿ, ಜರಡಿಯಲ್ಲಿ ಸೋಸಿ. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಒಗರು ಇಳಿಯುತ್ತದೆ.

ಹಾಲು ಸೇರಿಸುವವರಿಗೆ ಎರಡು ಮಾತು. ಅನಾನಸನ್ನು ಹಸಿಯಾಗಿ ಹಾಲಿನ ಜೊತೆ ಕಡೆದರೆ ಹಾಲು ಒಡೆದು ಕಹಿಯಾಗುತ್ತದೆ. ಆ ಹಣ್ಣಿನಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಗುಣವಿದೆ, ಪರಂಗಿಯಲ್ಲೂ ಅಂಥದ್ದೇ ಇದೆ. ಅನಾನಸ್ ಹೋಳನ್ನು ಸಕ್ಕರೆಯ ಜೊತೆ ಹತ್ತು ನಿಮಿಷ ಚೆನ್ನಾಗಿ ಬೇಯಿಸಿದರೆ ಆ ಗುಣ ಹೋಗುತ್ತದೆ. ಆರಿದ ಮೇಲೆ ಹಾಲು ಹಾಕುವುದಕ್ಕಿಂತ ಕೆನೆ ಹಾಕಿದರೆ ಇನ್ನೂ ವಾಸಿ. ಸಪೋಟ, ಏಲಕ್ಕಿ ಬಾಳೆ ಇವು ಹಾಲಿನ ಜೊತೆ ಸುಖವಾಗಿರುತ್ತವೆ. ಸಪೋಟ ಮಾತ್ರ ಪೂರ್ತಿ ಕಳಿತಿರಬೇಕು, ಸ್ವಲ್ಪ ದೋರೆಯಿದ್ದರೂ ಗಂಟಲು ಕೆರೆಯುತ್ತದೆ.

ಇನ್ನು ಅಚ್ಚು. ಅಂಗಡಿಯಲ್ಲಿ ಬಣ್ಣಬಣ್ಣದ್ದು ಸಿಗುತ್ತದೆ, ತಂದರೆ ಬೇಡ ಅನ್ನುವುದಿಲ್ಲ. ಆದರೆ ಬಾಯಿ ಅಗಲ, ತಳ ಕಿರಿದಾಗಿರುವ ಸ್ಟೀಲಿನ ಕಾಫಿ ಲೋಟ ಎಲ್ಲರ ಮನೆಯಲ್ಲೂ ಇದೆ. ಸ್ಟೀಲು ಪ್ಲಾಸ್ಟಿಕ್ಕಿಗಿಂತ ಬೇಗ ತಣ್ಣಗಾಗುತ್ತದೆ. ಬೇಗ ಗಟ್ಟಿಯಾದಷ್ಟೂ ಹರಳು ಸಣ್ಣ, ಕ್ಯಾಂಡಿ ನಯ. ನೆಟ್ಟಗಿನ ಲೋಟದಲ್ಲಿ ಇಟ್ಟರೆ ಬಿಡಿಸುವಾಗ ಜಗಳ. ಗಾಜಿನ ಲೋಟ ಇಡಲೇಬೇಡಿ, ನೀರು ಗಡ್ಡೆಯಾಗುವಾಗ ನೂರಕ್ಕೆ ಸುಮಾರು 9 ಪಾಲು ಹಿಗ್ಗುತ್ತದೆ, ಗಾಜು ಸೀಳುತ್ತದೆ. ಅದೇ ಕಾರಣಕ್ಕೆ ಯಾವ ಅಚ್ಚಾದರೂ ಬಾಯಿಗೆ ಕಾಲು ಅಂಗುಲ ಬಿಟ್ಟೇ ತುಂಬಬೇಕು. ಲೋಟದ ಬಾಯಿಗೆ ಫಾಯಿಲ್ ಬಿಗಿದು ನಡುವೆ ಚಾಕುವಿನಿಂದ ಸೀಳಿ, ಅದರಲ್ಲಿ ಕಡ್ಡಿ ತೂರಿಸಿದರೆ ನೆಟ್ಟಗೆ ನಿಲ್ಲುತ್ತದೆ. ಮರದ ಕಡ್ಡಿಯನ್ನು ಮೊದಲು ಅರ್ಧ ಗಂಟೆ ನೀರಿನಲ್ಲಿ ನೆನೆಸಿಟ್ಟರೆ ತೇಲಿ ಮೇಲೆ ಬರುವುದಿಲ್ಲ. ಮಕ್ಕಳ ಶಾಲೆಯ ಕರಕುಶಲಕ್ಕೆ ಮಾರುವ ಬಣ್ಣದ ಕಡ್ಡಿಯನ್ನು ಬಳಸಬೇಡಿ. ಕಡ್ಡಿ ಇಲ್ಲವೇ, ಚಮಚದ ಬಟ್ಟಲು ಒಳಗಾಗಿ ಹಿಡಿ ಹೊರಗಾಗಿ ಚುಚ್ಚಿಡಿ.

ಒಂದೇ ಬಾಗಿಲ ಫ್ರಿಜ್ಜಿನವರು ತಿರುಗಣೆಯನ್ನು ಹಿಂದಿನ ರಾತ್ರಿಯೇ ಹೆಚ್ಚಿನ ತಣ್ಣಗಿಗೆ ತಿರುಗಿಸಿಡಿ. ಗೋಡೆಗೆ ಹಿಮ ದಪ್ಪಗಟ್ಟಿದ್ದರೆ ಮೊದಲು ಕರಗಿಸಿ ಒರೆಸಿ. ಲೋಟಗಳನ್ನು ಸ್ಟೀಲ್ ತಟ್ಟೆಯ ಮೇಲೆ ಇಟ್ಟು ಒಳಗೋಡೆಗೆ ತಾಗುವಂತೆ ತಳ್ಳಿ, ಆರೇಳು ಗಂಟೆ ಬಾಗಿಲು ಮುಟ್ಟಬೇಡಿ ಅಂತ ಮಕ್ಕಳಿಗೆ ಹೇಳಿ. ಕೇಳುವುದಿಲ್ಲ, ಆದರೂ ಹೇಳಿ. ಆದ್ದರಿಂದಲೇ ನಾನು ರಾತ್ರಿ ಅವರು ಮಲಗಿದ ಮೇಲೆ ಇಡುವುದು. ಶುಂಠಿ ಬೆಳ್ಳುಳ್ಳಿ ಪೇಸ್ಟು, ಮೀನು ಇರುವ ಫ್ರೀಜರಾದರೆ ಅವುಗಳಿಗೆ ಮುಚ್ಚಳ ಬಿಗಿಯಾಗಿದೆಯೇ ನೋಡಿ. ಮಾವಿನ ಕ್ಯಾಂಡಿಯಲ್ಲಿ ಬೆಳ್ಳುಳ್ಳಿ ವಾಸನೆ ಬಂದರೆ ಅದನ್ನು ಸರಿಮಾಡುವ ಉಪಾಯ ಯಾವುದೂ ಇಲ್ಲ.

ಹೆಪ್ಪುಗಟ್ಟಿಸಿದರೆ ಕ್ರಿಮಿ ಸಾಯುತ್ತದೆ ಅಂತ ತಿಳಿದವರಿದ್ದಾರೆ. ಎಲ್ಲ ಸಾಯುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ ಅಷ್ಟೆ, ಹೊಟ್ಟೆಗೆ ಹೋದ ಮೇಲೆ ಮತ್ತೆ ಶುರು. ಹಾಗಾಗಿ ಪಾಕಕ್ಕೂ ನೆನೆಸುವುದಕ್ಕೂ ಕಾಯಿಸಿದ ನೀರು, ಹಣ್ಣನ್ನು ಹೆಚ್ಚುವ ಮೊದಲೇ ತೊಳೆಯಿರಿ, ರಸ್ತೆಬದಿ ಹೆಚ್ಚಿಟ್ಟ ಹಣ್ಣು ಬೇಡವೇ ಬೇಡ. ಕರೆಂಟು ಹೋಗಿ ಕರಗಿದ ಹಾಲಿನ ಕ್ಯಾಂಡಿಯನ್ನು ಮತ್ತೆ ಗಟ್ಟಿ ಮಾಡದೆ ಚೆಲ್ಲಿಬಿಡಿ. ಒಂದು ವರ್ಷ ತುಂಬದ ಕೂಸಿಗೆ ಜೇನು ಹಾಕಿದ್ದನ್ನು ನೆಕ್ಕಿಸಬಾರದು. ಚಿಕ್ಕ ಮಕ್ಕಳ ಕ್ಯಾಂಡಿಗೆ ಇಡೀ ದ್ರಾಕ್ಷಿ ಹಾಕಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರು ‘ಹಣ್ಣಿನದು ತಾನೆ’ ಅಂತ ಎರಡು ತಿನ್ನಬೇಡಿ, ಹಣ್ಣಿನ ಸಿಹಿಯೂ ಸಿಹಿಯೇ.

ಬಿಡಿಸುವಾಗ ಬಿಸಿನೀರು ಬೇಡ, ಮೇಲ್ಮೈ ಕರಗಿ ನೀರಾಗುತ್ತದೆ. ನಲ್ಲಿ ನೀರಿನ ಬೋಗುಣಿಯಲ್ಲಿ ಲೋಟವನ್ನು ಹತ್ತು ಹದಿನೈದು ಸೆಕೆಂಡು ಅದ್ದಿ, ಕಡ್ಡಿಯನ್ನು ಎಳೆಯದೆ ಮೆಲ್ಲಗೆ ತಿರುವಿದರೆ ತಾನೇ ಬಿಡುತ್ತದೆ. ಎಲ್ಲವನ್ನೂ ಒಟ್ಟಿಗೆ ಬಿಡಿಸಿ ಒಂದೊಂದನ್ನೂ ಬೆಣ್ಣೆ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿ ಜೋಡಿಸಿ ಮತ್ತೆ ಫ್ರೀಜರಿಗಿಟ್ಟರೆ ಲೋಟ ಬೆಳಗಿನ ಕಾಫಿಗೆ ಸಿಗುತ್ತದೆ. ಹಣ್ಣಿನದು ಎರಡು ಮೂರು ವಾರ ಚೆನ್ನಾಗಿರುತ್ತದೆ, ಆಮೇಲೆ ಮೇಲೆ ಹಿಮದ ಪುಡಿ ಹತ್ತಿ ರುಚಿ ಇಳಿಯುತ್ತದೆ. ಕಡ್ಡಿಯಿಂದ ಮುರಿದು ಬಟ್ಟಲಿಗೆ ಬಿದ್ದದ್ದನ್ನು ಎಸೆಯಬೇಡಿ. ಲೋಟಕ್ಕೆ ಹಾಕಿ ಮೇಲೆ ಸೋಡಾ ಹುಯ್ದು ಮನೆಯ ಯಜಮಾನರ ಕೈಗೆ ಕೊಡಿ, ಬೇಕೆಂದೇ ಮಾಡಿದ್ದೀರಿ ಅಂದುಕೊಳ್ಳುತ್ತಾರೆ.